ಪಾವು ಗುಳಿಗೆಯ ಗುರಪಾದಪ್ಪನವರು

ಗುರಪಾದಪ್ಪನವರ ಬಲಗೈ ಹೆಬ್ಬೆರಳಿಗೆ ಒಂದು ಉಗುರಿತ್ತು. ಉಗುರು ಯಾರಿಗಿಲ್ಲ ಎಂದು ನೀವು ಕೇಳಬಹುದು. ಆದರೆ ಅಂಗಡಿಯ ತೂಕದ ಕಲ್ಲುಗಳಿಗೆ ಸರಕಾರದವರು ಬಂದು ಮುದ್ರೆ ಒತ್ತುತ್ತಾರಲ್ಲ, ಹಾಗೆ ಮುದ್ರೆ ಒತ್ತಿಸಿಕೊಳ್ಳುವ ಯೋಗ್ಯತೆ ಇದ್ದ ಉಗುರು ಅದು. ಉಳಿದ ಒಂಬತ್ತನ್ನು ವಾರವಾರ ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಇದೊಂದನ್ನು ಮಾತ್ರ ಬೆಳೆಸಿ ಸಾಕಿದ್ದರು. ಟಿಂಕ್ಚರು, ಮಿಕ್ಶ್ಚರುಗಳನ್ನು ಕುಡಿದು ಕುಡಿದು ಅದು ಹಳೆಯ ಹಾರ್ಮೋನಿಯಂ ಪಟ್ಟಿಯ ಬಣ್ಣಕ್ಕೆ ತಿರುಗಿತ್ತು. ಗುಳಿಗೆಯ ನಡುವೆ ಅದನ್ನಿಟ್ಟು ಒಂದು ಸಲ ಒತ್ತಿದರೆ ಎರಡು ಹೋಳು, ಇನ್ನೊಂದು ಸಲ ಒತ್ತಿದರೆ ನಾಲ್ಕು. ಒಮ್ಮೆ ಅವರು ಚಹಾಕ್ಕೆ ಹೋದಾಗ ನಾನು ಆ ಹೋಳುಗಳನ್ನು ಔಷಧದ ತಕ್ಕಡಿಯಲ್ಲಿ ಒಂದಕ್ಕೊಂದು ಎದುರಿಟ್ಟು ತೂಗಿ ನೋಡಿದೆ. ಮುಳ್ಳು ಅಲ್ಲಾಡಲಿಲ್ಲ. ಮುಂಬಯಿಯಲ್ಲಿ ನಾಲ್ಕು ವರ್ಷ ವೈದ್ಯಶಾಸ್ತ್ರ ಓದಿ ಬಂದ ನನಗೆ ಆ ಕ್ಷಣ ಏನೋ ಅವಮಾನವಾದಂತೆ ಆಯಿತು.

ಅದು ಎರಡನೆಯ ಮಹಾಯುದ್ಧದ ಕಾಲ. ಹುಬ್ಬಳ್ಳಿಯ ಕೆಲವು ಹತ್ತಿ ವ್ಯಾಪಾರಿಗಳು ಸೇರಿ ಪುಣ್ಯಕ್ಕೆಂದು ಒಂದು ಧರ್ಮಾರ್ಥ ದವಾಖಾನೆ ನಡೆಸುತ್ತಿದ್ದರು. ನಾನು ಅದರ ಡಾಕ್ಟರು, ಗುರಪಾದಪ್ಪನವರು ಕಂಪೌಂಡರು. ಕಾಗದದ ಮೇಲೆ ಹಾಗೆ. ಊರಿನ ಮಟ್ಟಿಗೆ ಅವರೇ ಡಾಕ್ಟರು. ನಾನು ‘ಹೊಸಾ ಸಾಹೇಬ್ರು’. ಏಳು ವರ್ಷ ಅಲ್ಲಿದ್ದೆ, ಕಡೆಯ ದಿನದವರೆಗೂ ಹೊಸಬನೇ ಆಗಿದ್ದೆ. ರೋಗಿಗಳು ನನ್ನ ಮುಂದೆ ನಾಲಿಗೆ ಚಾಚಿ, ನಾನು ಬರೆದ ಚೀಟಿ ಹಿಡಿದು, ಪಡಸಾಲೆ ದಾಟಿ ಔಷಧದ ಕಿಟಕಿಗೆ ಹೋಗಿ, ‘ಡಾಕ್ಟರ್, ಅವರು ಹಿಂಗ ಬರದಾರ. ಬರೊಬ್ಬರಿ ಐತೇನ್ ನೋಡ್ರಿ’ ಎಂದು ಅವರನ್ನು ಕೇಳುತ್ತಿದ್ದರು. ಗುರಪಾದಪ್ಪನವರು ಚೀಟಿಯನ್ನು ದೂರ ಹಿಡಿದು, ಕನ್ನಡಕದ ಮೇಲಿಂದ ನೋಡಿ, ‘ಛಲೋ ಬರದಾರ. ಶಾಣ್ಯಾ ಅದಾರ’ ಎಂದು ನನ್ನನ್ನು ತೇರ್ಗಡೆ ಮಾಡುತ್ತಿದ್ದರು.

ಹೊಸಬನೆಂಬುದು ಒಂದಾದರೆ, ಧಾರವಾಡದವನೆಂಬುದು ಅವರ ದೃಷ್ಟಿಯಲ್ಲಿ ನನ್ನ ಎರಡನೆಯ ದೋಷ. ‘ಧಾರವಾಡದವರು ಜಡ್ಡಿನ ಹೆಸರು ಭಾಳ ಚಂದ ಹೇಳ್ತಾರ್ರಿ’ ಎಂದು ನನ್ನೆದುರಿಗೇ ರೋಗಿಗಳಿಗೆ ಹೇಳುವರು, ‘ಗುಣಾ ಆಗೂದು ಮಾತ್ರ ಹುಬ್ಬಳ್ಳ್ಯಾಗ.’

ಕಂಪೌಂಡರಿಕೆ ಅವರ ಹೊಟ್ಟೆಪಾಡು. ನಿಜವಾದ ವಿದ್ಯೆ ಬೇರೆ ಇತ್ತು: ಬಡಿಸುವುದು. ಮಠದ ಪ್ರಸಾದವಿರಲಿ, ಮದುವೆಯ ಊಟವಿರಲಿ, ಹುಗ್ಗಿಯ ಕೊಳಗ ಗುರಪಾದಪ್ಪನವರ ಕೈಗೇ ಬರಬೇಕು. ಅವರು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ಕಣ್ಣು ಹಾಯಿಸುವರು. ಆಮೇಲೆ ಕೊಳಗದೊಳಗೆ ಒಮ್ಮೆ. ಅಷ್ಟೇ ಗಣಿತ. ಮುನ್ನೂರು ಎಲೆಗಳಿಗೂ ಒಂದೇ ಅಳತೆಯ ಹುಗ್ಗಿ ಬೀಳುತ್ತಿತ್ತು. ಕಡೆಯ ಎಲೆಗೆ ಬಿದ್ದಾಗ ಕೊಳಗದ ತಳ ಕಾಣುತ್ತಿತ್ತು. ಮೊದಲ ಎಲೆಯಲ್ಲಿ ಕೂತವರು ನಮ್ಮ ದವಾಖಾನೆಯ ಹಿರಿಯ ಸಾವಕಾರರೇ ಆಗಿದ್ದು, ‘ಇನ್ನೊಂದೀಟು ಹಾಕೋ ಗುರಪಾದಪ್ಪಾ’ ಎಂದರೂ, ‘ಪಂಕ್ತಿ ಕಡೀಕ ಮುಟ್ಟಬೇಕ್ರಿ ಸಾವಕಾರ್ರ’ ಎಂದು ಮುಂದೆ ಸರಿಯುತ್ತಿದ್ದರು. ಪಂಕ್ತಿಭೇದಕ್ಕಿಂತ ದೊಡ್ಡ ಪಾಪ ಅವರ ಯಾದಿಯಲ್ಲಿ ಇರಲಿಲ್ಲ. ಸುಳ್ಳು, ತಂಬಾಕು, ಅಣ್ಣತಮ್ಮಂದಿರ ವ್ಯಾಜ್ಯ ಇವೆಲ್ಲ ಬಹಳ ಕೆಳಗೆ ಬರುತ್ತಿದ್ದವು.

ಈ ಮನುಷ್ಯನ ಕೈಗೆ ಸಲ್ಫಾ ಗುಳಿಗೆಯ ಡಬ್ಬಿ ಬಂತು.

ಅದೇನೆಂದು ಇಂದಿನವರಿಗೆ ಹೇಳಬೇಕು. ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಕೆಂಪು ಮಿಕ್ಶ್ಚರು ಮತ್ತು ಬಿಳಿ ಮಿಕ್ಶ್ಚರು. ಕೆಂಪು ಕೆಮ್ಮಿಗೆ, ಬಿಳಿ ಹೊಟ್ಟೆಗೆ. ಗುಣವಾಗದಿದ್ದರೆ ಅದಲುಬದಲು ಮಾಡುವುದು. ಎದೆಯಲ್ಲಿ ನ್ಯುಮೋನಿಯಾ ಕೂತರೆ, ಬಾಣಂತಿಗೆ ನಂಜೇರಿ ಜ್ವರ ಬಂದರೆ, ಗಂಭೀರ ಮುಖ ಮಾಡಿಕೊಂಡು ನಾಡಿ ಹಿಡಿಯುವುದರ ಹೊರತು ನಮಗೆ ಕೆಲಸವಿರಲಿಲ್ಲ. ಆ ವಿದ್ಯೆ ನನಗೆ ಚೆನ್ನಾಗಿಯೇ ಬರುತ್ತಿತ್ತು. ಸಲ್ಫಾ ಬಂದ ಮೇಲೆ, ಒಳಗೆ ಕೂತ ರೋಗದ ಹುಳವನ್ನೇ ಹೊಡೆಯುವ ವಸ್ತು ಮೊದಲ ಸಲ ವೈದ್ಯರ ಕೈಗೆ ಸಿಕ್ಕಿತು. ಆದರೆ ಅದಕ್ಕೊಂದು ಕರಾರಿತ್ತು. ಮೊದಲಿಗೆ ನಾಲ್ಕು ಗುಳಿಗೆ, ಆಮೇಲೆ ನಾಲ್ಕು ತಾಸಿಗೊಮ್ಮೆ ಎರಡೆರಡು, ಜ್ವರ ಇಳಿದ ಮೇಲೂ ಎರಡು ದಿನ. ಒಬ್ಬ ಮನುಷ್ಯನಿಗೆ ಐವತ್ತು ಗುಳಿಗೆ ಹಿಡಿಯುತ್ತಿತ್ತು. ಐವತ್ತನ್ನೂ ಕೊಟ್ಟರೆ ಒಂದು ಜೀವ ಉಳಿಯಬಹುದು. ಕಡಿಮೆ ಕೊಟ್ಟರೆ ಗುಳಿಗೆಯೂ ಹೋಯಿತು, ಜೀವವೂ ಹೋಯಿತು.

ಮೊದಲ ಡಬ್ಬಿ ಬಂದ ವಾರವೇ ಹತ್ತಿ ಪ್ರೆಸ್ಸಿನ ಹಮಾಲನೊಬ್ಬನ ಹೆಂಡತಿ, ಹಡೆದು ಐದನೆಯ ದಿನ, ಜ್ವರದಲ್ಲಿ ಯಾರನ್ನೂ ಗುರುತಿಸದೆ ಮಲಗಿದ್ದಳು. ಗುಳಿಗೆಯ ಸುದ್ದಿ ಇನ್ನೂ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಕೇಳುವವರಿರಲಿಲ್ಲ. ಐವತ್ತನ್ನೂ ಅವಳಿಗೇ ಕೊಟ್ಟೆವು. ನಾಲ್ಕನೆಯ ದಿನ ಗುರಪಾದಪ್ಪನವರು ಹೋಗಿ ನೋಡಿದರೆ ಅವಳು ಗೋಡೆಗೆ ಒರಗಿ ಕೂತು, ಕೂಸಿಗೆ ಮೊಲೆಯೂಡುತ್ತ, ಅತ್ತೆಯ ಸಂಗಡ ಜಗಳ ಆಡುತ್ತಿದ್ದಳಂತೆ. ಅವರು ತಿರುಗಿ ಬಂದು ಖಾಲಿ ಡಬ್ಬಿಯನ್ನೇ ಎರಡೂ ಕೈಯಿಂದ ಎತ್ತಿ ಕಪಾಟಿನ ಮೇಲಿನ ಹಲಗೆಗೆ, ತಮ್ಮ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟರು.

ಅನಾಹುತ ಸುರುವಾದದ್ದು ಅಲ್ಲಿಂದ. ಆ ಗುಳಿಗೆಯಲ್ಲಿ ಅವರಿಗೆ ನಂಬಿಕೆ ಬರದೆ ಇದ್ದಿದ್ದರೆ ಮುಂದೆ ಬಂದ ಡಬ್ಬಿಗಳು ಕಪಾಟಿನಲ್ಲೇ ಉಳಿಯುತ್ತಿದ್ದವು. ನಂಬಿಕೆ ಬಂತು. ಹಂಚತೊಡಗಿದರು.

ನನಗೆ ಅದು ತಿಳಿಯಲು ಕೆಲವು ತಿಂಗಳು ಬೇಕಾದವು. ಗುಳಿಗೆಗಳೆಲ್ಲ ಸೈನ್ಯಕ್ಕೆ ಹೋಗುತ್ತಿದ್ದ ದಿನಗಳು. ನಾವು ಮೂರು ಡಬ್ಬಿ ಬರೆದರೆ ಒಂದು ಬರುತ್ತಿತ್ತು, ಕೆಲವು ಸಲ ಕ್ಷಮೆ ಕೇಳುವ ಕಾಗದ ಮಾತ್ರ ಬರುತ್ತಿತ್ತು. ಆದರೂ ನಮ್ಮ ಡಬ್ಬಿ ಅಕ್ಷಯಪಾತ್ರೆಯಂತೆ ಮುಗಿಯುತ್ತಲೇ ಇರಲಿಲ್ಲ. ಒಂದು ಮುಂಜಾನೆ ಅವರ ಹಿಂದೆ ಹೋಗಿ ನಿಂತು ನೋಡಿದೆ. ತಾರಿಹಾಳದಿಂದ ನಡೆದು ಬಂದ ಹೆಂಗಸಿನ ಕೂಸಿಗೆ ಕೆಮ್ಮು: ಒಂದು ಪಾವು, ಎಂದರೆ ಕಾಲು ಗುಳಿಗೆ. ಬೈರಿದೇವರಕೊಪ್ಪದ ಮುದುಕನಿಗೆ ಹಲ್ಲುನೋವು: ಒಂದು ಪಾವು. ಒಬ್ಬನಿಗೆ ಹೊಟ್ಟೆ ಉಬ್ಬರ, ಒಬ್ಬಳಿಗೆ ಕಾಲಿನ ಹುಣ್ಣು, ಇನ್ನೊಬ್ಬನಿಗೆ ಏನೂ ಇರಲಿಲ್ಲ, ಮುಂದಿನ ವಾರ ಬೀಗರ ಊರಿಗೆ ಹೋಗುವವನಿದ್ದ. ಎಲ್ಲರಿಗೂ ಚಿಕ್ಕ ಕಾಗದದ ಪೊಟ್ಟಣ, ಒಂದೇ ಮಡಿಕೆ, ಒಂದೇ ಮಂತ್ರ: ‘ಮುಂಜಾನಿ ಬಿಸಿನೀರಾಗ ತಗೋ.’

‘ಗುರಪಾದಪ್ಪನವ್ರ, ಇದೇನ್ ಮಾಡಾಕತ್ತೀರಿ?’ ಎಂದೆ.

‘ಕಾಣವಲ್ದೇನ್ರಿ? ಔಷಧಾ ಕೊಡಾಕತ್ತೇನಿ.’

‘ಪಾವು ಗುಳಿಗಿಲೆ ಏನಾಗತೈತ್ರಿ?’

‘ಪಾವು ಗುಣಾ ಆಗತೈತಿ. ಏನೂ ಇಲ್ಲದಕ್ಕಿಂತ ಛಲೋ ಅಲ್ಲೇನ್ರಿ?’

ಅವರನ್ನು ನನ್ನ ಖೋಲಿಗೆ ಕರೆದು, ಬಾಗಿಲು ಮುಂದೆ ಮಾಡಿ, ಉಪನ್ಯಾಸಕ್ಕೆ ನಿಂತೆ. ‘ಅರ್ಧಾ ಹೊಡದು ಬಿಟ್ಟ ಹಾವು ಏನ್ ಮಾಡತೈತ್ರಿ?’ ಎಂದು ಕೇಳಿದೆ.

‘ದ್ವೇಷಾ ಇಟಗೋತೈತಿ ಅಂತಾರ. ನಮ್ಮ ಕಾಕಾನ ಹಿಂದ ಒಂದು ಹನ್ನೆರಡು ವರ್ಷ ತಿರಿಗಿತ್ತಂತ.’

‘ಈ ಹುಳಾನೂ ಹಂಗ. ಪಾವು ಗುಳಿಗಿ ತಿಂದು ಸಾಯಲಾರದ ಉಳದದ್ದು ಗುಳಿಗಿ ರೂಢಿ ಮಾಡ್ಕೋತೈತಿ. ಮುಂದ ಡಬ್ಬಿಗಟ್ಟಲೆ ಹಾಕಿದ್ರೂ ಜಗ್ಗೂದಿಲ್ಲ.’

ಖರೇ ಹೇಳಬೇಕೆಂದರೆ ಇದು ನನಗೂ ಅಷ್ಟು ಖಚಿತವಾಗಿ ಗೊತ್ತಿರಲಿಲ್ಲ. ಹಡಗಿನಲ್ಲಿ ತಡವಾಗಿ ಬರುತ್ತಿದ್ದ ವೈದ್ಯಪತ್ರಿಕೆಗಳಲ್ಲಿ ಅಂಥ ಅನುಮಾನ ಅಲ್ಲೊಂದು ಇಲ್ಲೊಂದು ಕಾಣತೊಡಗಿತ್ತು. ನಾನು ಅನುಮಾನವನ್ನು ತೆಗೆದಿಟ್ಟು ಉಳಿದದ್ದನ್ನು ಹೇಳಿದೆ. ಬೋಧನೆಯ ಪದ್ಧತಿ ಅದೇ ತಾನೆ.

ಗುರಪಾದಪ್ಪನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ‘ನೀವು ಹೇಳೂದು ಹುಳದ ಮಾತಾತ್ರಿ ಸಾಹೇಬ್ರ. ನಾ ಹೇಳೂದು ಮಂದೀ ಮಾತು. ಕಿಡಕ್ಯಾಗ ನಲವತ್ತು ಮಂದಿ ನಿಂತಾರ. ಡಬ್ಬ್ಯಾಗ ಐವತ್ತು ಗುಳಿಗಿ ಅದಾವ. ಎಲ್ಲಾ ಒಬ್ಬಗ ಹಾಕಿ ಉಳದವರನ್ನ ಬರೇ ಕೈಲೆ ಕಳಸಂತೀರಿ. ಆ ಒಬ್ಬಾಂವ ಯಾರು?’

‘ಯಾರಿಗೆ ಜೀವದ ಮ್ಯಾಲೆ ಬಂದೈತಿ, ಅವರು.’

‘ಕೂಸಿನ್ನ ಬಗಲಾಗ ಹೊತಗೊಂಡು ತಾರಿಹಾಳದಿಂದ ನಡಕೋತ ಬಂದಾಳಲ್ರಿ, ಆಕೀಗೆ ಹೇಳ್ರಿ ಜೀವದ ಮ್ಯಾಲೆ ಬಂದಿಲ್ಲ ಅಂತ. ನನ್ನ ಬಾಯಾಗ ಬರೂದಿಲ್ಲ.’

ನಾನು ಹೇಳುವೆನೆಂದು ಪ್ರತಿಜ್ಞೆ ಮಾಡಿದೆ. ಕಪಾಟಿನ ಕೀಲಿಕೈ ಇಸಿದುಕೊಂಡು ಮರುದಿನ ಸ್ವತಃ ಕಿಟಕಿಯಲ್ಲಿ ಕೂತೆ. ವೈದ್ಯಶಾಸ್ತ್ರದ ಗೌರವ ಕಾಪಾಡಲು ಒಬ್ಬ ಮನುಷ್ಯ ಮಾಡಬಹುದಾದದ್ದನ್ನೆಲ್ಲ ಮಾಡಿದೆ. ಬಂದವರಿಗೆಲ್ಲ ಮಿಕ್ಶ್ಚರು ಕೊಟ್ಟು, ‘ಬಿಳೀ ಗುಳಿಗಿ ನಿಮ್ಮ ಜಡ್ಡಿಗಲ್ಲ’ ಎಂದು ವಿವರಿಸಿದೆ. ಅವರು ಬಹಳ ಸೌಜನ್ಯದಿಂದ ಕೇಳಿಸಿಕೊಂಡರು. ಮರುದಿನ ದವಾಖಾನೆಗೆ ರೋಗಿಗಳು ಬರಲಿಲ್ಲ. ಹಿರಿಯ ಸಾವಕಾರರು ಬಂದರು.

‘ಡಾಕ್ಟರ್,’ ಎಂದರು, ಕೋಲಿನ ಮೇಲೆ ಎರಡೂ ಕೈ ಇಟ್ಟು, ‘ನಿಮ್ಮ ಶಾಸ್ತ್ರ ನಮಗ ತಿಳ್ಯೂದಿಲ್ಲ. ಆದ್ರ ಧರ್ಮದ ದವಾಖಾನಿ ಇದು. ಇಲ್ಲೆ ಇಲ್ಲಾ ಅನ್ನೂ ಶಬ್ದ ಬರಬಾರದು. ಗುರಪಾದಪ್ಪ ಹೆಂಗ ನಡಸ್ಯಾನ, ಹಂಗ ನಡೀಲಿ.’

ನಾನು ವಾದಿಸಬಹುದಿತ್ತು. ನೌಕರಿ ಬಿಟ್ಟು ಹೋಗಲೂಬಹುದಿತ್ತು. ಆ ಸಂಜೆ ಕೀಲಿಕೈಯನ್ನು ಗುರಪಾದಪ್ಪನವರ ಮೇಜಿನ ಮೇಲೆ ಇಟ್ಟುಬಿಟ್ಟೆ. ಅವರು ಗೆದ್ದವರ ಮುಖ ಮಾಡಲಿಲ್ಲ. ‘ಚಹಾ ತರಸ್ಲೇನ್ರಿ?’ ಎಂದು ಕೇಳಿದರು. ತರಿಸಿದರು, ಕುಡಿದೆವು. ಅಂದಿನಿಂದ ನಾನು ಕಿಟಕಿಯ ಕಡೆಗೆ ನೋಡುವುದನ್ನು ಕಡಿಮೆ ಮಾಡಿದೆ.

ದವಾಖಾನೆಯ ಎದುರಿಗೆ ಹುಸೇನಸಾಬ ಎಂಬವನ ಕಲಾಯಿ ಅಂಗಡಿ. ಹಿತ್ತಾಳೆ ಪಾತ್ರೆಗಳನ್ನು ಕೆಂಡದ ಮೇಲೆ ಕಾಸಿ, ನವಸಾಗರ ಉದುರಿಸಿ, ತವರ ಒರೆಸುವ ಕೆಲಸ. ನವಸಾಗರ ಉದುರಿದ ಕೂಡಲೇ ಏಳುವ ಬಿಳಿಯ ಹೊಗೆಯನ್ನು ಆತ ಮೂವತ್ತು ವರ್ಷ ನುಂಗಿದ್ದ. ಆತನ ಕೆಮ್ಮು ಇಡೀ ಓಣಿಗೆ ಗಡಿಯಾರವಾಗಿತ್ತು. ಅವನೂ ಗುರಪಾದಪ್ಪನವರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ದಿನಾಲು ಮುಂಜಾನೆ ಅಂಗಡಿ ತೆರೆಯುವ ಮೊದಲು ಹುಸೇನಸಾಬ ಕಿಟಕಿಗೆ ಬಂದು ಅಂಗೈ ಚಾಚುತ್ತಿದ್ದ.

‘ಲೇ ಗುರಪಾದಾ, ನಿಮ್ಮ ದವಾಖಾನಿ ಪಾತೇಲಿಗೆ ನಾ ಕಲಾಯಿ ಮಾಡ್ತೇನಿ. ನನ್ನ ಎದೀಗೆ ನೀ ಮಾಡು.’

‘ನಿನ್ನ ಎದಿ ತೂತ ಬಿದ್ದೈತಿ ಹುಸೇನ್ಯಾ. ಕಲಾಯಿಲೆ ಮುಚ್ಚೂದಿಲ್ಲ, ಬೆಸಗಿ ಹಾಕಬೇಕು.’

‘ಹಾಕು ಮತ್ತ. ಹೆಂಗೂ ನೀ ಕೆಟ್ಟ ಕಮ್ಮಾರ.’

ಬಯ್ದಾಟ ಮುಗಿದ ಮೇಲೆ ಒಂದು ಪಾವು ಅಂಗೈಗೆ ಬೀಳುತ್ತಿತ್ತು. ಆ ಕೆಮ್ಮು ಹೊಗೆಯದು, ಹುಳದ್ದಲ್ಲ, ಅದಕ್ಕೆ ಗುಳಿಗೆ ತಗುಲುವುದಿಲ್ಲ ಎಂದು ನಾನು ಒಮ್ಮೆ ಇಬ್ಬರಿಗೂ ಹೇಳಿದೆ. ಹುಸೇನಸಾಬ ವಿನಯದಿಂದ, ‘ಖರೇ ಇರಬೇಕು ಸಾಹೇಬ್. ಆದ್ರ ಗುಳಿಗಿ ಕೈಯಾಗ ಬಿದ್ದ ಕೂಡ್ಲೆ ನನ್ನ ಕೆಮ್ಮು ಅರ್ಧಾ ಕಮ್ಮಿ ಆಗತೈತಿ’ ಎಂದ. ಎರಡು ವರ್ಷದ ಹತ್ತಿರ ಹೀಗೆ ನಡೆಯಿತು.

ಮೂರನೆಯ ಚಳಿಗಾಲದ ಒಂದು ಮುಂಜಾನೆ ಗುರಪಾದಪ್ಪನವರು ನನ್ನ ಖೋಲಿಗೆ ಬಂದು ನಿಂತರು. ‘ಸಾಹೇಬ್ರ, ಹುಸೇನ್ಯಾ ಅಂಗಡಿ ತಗದಿಲ್ಲ’ ಎಂದರು. ಅಷ್ಟೇ ಮಾತಿಗೆ ನಾನು ಸ್ಟೆಥಾಸ್ಕೋಪು ಎತ್ತಿಕೊಂಡೆ. ಅವರ ದನಿ ಹಾಗಿತ್ತು. ಹುಸೇನಸಾಬ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಬಲಗಡೆಯ ಎದೆ ಕೆಳಗಿನಿಂದ ಅರ್ಧದವರೆಗೆ ಕಲ್ಲಾಗಿತ್ತು. ನ್ಯುಮೋನಿಯಾ, ಈ ಸಲ ಸಂಶಯವಿರಲಿಲ್ಲ, ಇದು ಹುಳದ್ದೇ.

ಹಿಂದಿನ ದಿನವಷ್ಟೇ ಹೊಸ ಡಬ್ಬಿ ಬಂದಿತ್ತು, ಹಳೆಯದರಲ್ಲೂ ಕೆಲವು ಗುಳಿಗೆ ಉಳಿದಿದ್ದವು. ನಾನು ಬಾಯಿ ತೆರೆಯುವ ಮೊದಲೇ ಗುರಪಾದಪ್ಪನವರು, ‘ಪೂರ್ತಿ ಕೊಡೂಣು. ಒಂದೂ ಮುರಿಯೂದು ಬ್ಯಾಡ’ ಎಂದರು. ದವಾಖಾನೆಗೆ ಹೋಗಿ ಕಿಟಕಿಯಲ್ಲಿ ನಿಂತ ಮಂದಿಗೆ ತಮ್ಮ ಜೀವಮಾನದಲ್ಲಿ ಮೊದಲ ಸಲ ‘ಇಲ್ಲ’ ಎಂದರು. ಡಬ್ಬಿ ಎಲ್ಲರಿಗೂ ಕಾಣುವಂತೆ ಅವರ ಬಗಲಲ್ಲೇ ಇತ್ತು. ‘ಐತಲ್ಲಾ ಡಾಕ್ಟರ್’ ಎಂದು ಒಬ್ಬಾಕೆ ಬೆರಳು ತೋರಿದಳು. ಅವರು ಕಿಟಕಿಯ ಬಾಗಿಲು ಎಳೆದುಕೊಂಡು ಹೊರಬಿದ್ದರು.

ಹಗಲುರಾತ್ರಿ ಹುಸೇನಸಾಬನ ಪಕ್ಕದಲ್ಲೇ ಕೂತರು. ಬಾಟಲಿಗೆ ಅಂಟಿಸುವ ಅಳತೆಯ ಕಾಗದವಿರುತ್ತದಲ್ಲ, ಅಂಥದೊಂದು ಉದ್ದನೆಯ ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸಿ, ನಾಲ್ಕು ತಾಸಿಗೊಂದು ಗೆರೆ ಎಳೆದು, ಪ್ರತಿ ಎರಡು ಗುಳಿಗೆಗೆ ಒಂದು ಚುಕ್ಕೆ ಇಟ್ಟರು. ಸೋಡಾದ ಪುಡಿ ಹಾಕಿದ ನೀರನ್ನು ಚಮಚದಿಂದ ಕುಡಿಸಿದರು. ವಾಂತಿಯಾದರೆ ಮತ್ತೆ ಎರಡು ಕೊಟ್ಟರು. ನಾನು ನೋಡಿದ ವೈದ್ಯರಲ್ಲಿ ಯಾರೂ ಒಂದು ಔಷಧವನ್ನು ಅಷ್ಟು ಕ್ರಮವಾಗಿ ಕೊಟ್ಟದ್ದಿಲ್ಲ.

ಜ್ವರ ಇಳಿಯಲಿಲ್ಲ. ಎರಡನೆಯ ದಿನ ಇಳಿಯಬೇಕಾಗಿತ್ತು. ಮೂರನೆಯ ದಿನವಂತೂ ಇಳಿಯಲೇಬೇಕಾಗಿತ್ತು. ಮೂರನೆಯ ದಿನ ಎಡಗಡೆಯ ಎದೆಯೂ ಹಿಡಿಯಿತು. ಹುಸೇನಸಾಬನ ಹೆಂಡತಿ ಜೈನಬಿ ಬಾಗಿಲ ಹತ್ತಿರ ಕೂತಿದ್ದಳು. ‘ಅಣ್ಣಾ, ಆ ಹಮಾಲನ ಹೇಂತಿ ನಾಕನೇ ದಿನಕ್ಕ ಎದ್ದು ಕುಂತಿದ್ಲಂತಲ್ಲಾ’ ಎಂದಳು. ಆಕೆ ಆಕ್ಷೇಪಿಸಿರಲಿಲ್ಲ, ದಿನ ಎಣಿಸುತ್ತಿದ್ದಳು.

‘ನಾಳಿಗೆ ನಾಕನೇ ದಿನಾ, ತಂಗೀ’ ಎಂದರು ಗುರಪಾದಪ್ಪನವರು.

ನಾಲ್ಕನೆಯ ದಿನ ತುಟಿ ನೀಲಿಯಾಯಿತು. ಆಗ ಅವರು ನನ್ನನ್ನು ಹೊರಗೆ ಕರೆದು, ‘ಮಿಲಿಟರಿ ದವಾಖಾನ್ಯಾಗ ಹೊಸಾ ಸೂಜಿ ಬಂದೈತಂತಲ್ರಿ. ಗುಳಿಗೀಗೆ ಬಗ್ಗಲಾರದ್ದೂ ಅದಕ್ಕ ಬಗ್ಗತೈತಂತ’ ಎಂದರು. ಪೆನ್ಸಿಲಿನ್ನಿನ ಸುದ್ದಿ ಓಣಿಯವರೆಗೆ ಬಂದಿತ್ತು. ಊರ ಹೊರಗೆ ಬೀಡುಬಿಟ್ಟಿದ್ದ ಸೈನ್ಯದ ಡಾಕ್ಟರಿಗೆ ನಾನು ಇಂಗ್ಲಿಷಿನಲ್ಲಿ ಒಂದು ದೀರ್ಘ ಪತ್ರ ಬರೆದೆ. ಅಷ್ಟು ದೈನ್ಯದ ಇಂಗ್ಲಿಷನ್ನು ನಾನು ಮುಂದೆಂದೂ ಬರೆದಿಲ್ಲ. ಗುರಪಾದಪ್ಪನವರು ಒಗೆದ ಕೋಟು ಹಾಕಿಕೊಂಡು ಹೋದರು, ಮಧ್ಯಾಹ್ನ ಬಂದರು.

‘ಏನಂದ್ರು?’

‘ಛಲೋ ಮಂದಿ ಅದಾರ್ರಿ. ಖುರ್ಚಿ ಕೊಟ್ರು. ಸಿಪಾಯಿಗಳಿಗೆ ಅಷ್ಟ ಐತಂತ, ಹೊರಗಿನವರಿಗೆ ಕೊಡೂ ಹುಕುಂ ಇಲ್ಲಂತ.’ ಕೋಟಿನ ಗುಂಡಿ ಬಿಚ್ಚುತ್ತ, ‘ಚಹಾನೂ ಕೊಟ್ರು. ಕುಡದೆ. ಏನ್ ಮಾಡ್ಲಿ’ ಎಂದರು.

ಹುಸೇನಸಾಬ ಐದನೆಯ ದಿನ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೋದ. ಗೋಡೆಯ ಪಟ್ಟಿಯಲ್ಲಿ ಒಂದು ಗೆರೆಯೂ ಚುಕ್ಕೆಯಿಲ್ಲದೆ ಉಳಿದಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಗುರಪಾದಪ್ಪನವರು ನನ್ನ ಖೋಲಿಗೆ ಬಂದು ರೋಗಿಗಳು ಕೂಡುವ ಸ್ಟೂಲಿನ ಮೇಲೆ ಕೂತರು. ಅಷ್ಟು ವರ್ಷಗಳಲ್ಲಿ ಅವರು ನನ್ನೆದುರು ಕೂತದ್ದು ಅದೇ ಮೊದಲು.

‘ಹಾವಿನ ಮಾತು ಹೇಳಿದ್ರಲ್ರಿ ಅವತ್ತ. ಅದೇನ್ರಿ ಇದು?’

ಹೇಳಲು ಬೇಕಾದಷ್ಟಿತ್ತು. ಹೊಗೆ ತಿಂದ ಹಳೆಯ ಎದೆ, ವಯಸ್ಸು, ಪೂರ್ತಿ ಗುಳಿಗೆ ತಿಂದೂ ಉಳಿಯದವರು ಎಲ್ಲ ಊರಲ್ಲೂ ಇರುತ್ತಾರೆ. ಎಲ್ಲವೂ ನಿಜ. ‘ಗೊತ್ತಿಲ್ರಿ’ ಎಂದೆ. ‘ಇದ್ದೀತು. ಇರಲಿಕ್ಕೂ ಇಲ್ಲ.’

‘ನೀವು ಅವನ ಕಫಾ ಕಾಚಿನ ಮ್ಯಾಲೆ ಹಚ್ಚಿ ದುರ್ಬೀನಿನಾಗ ನೋಡಿದ್ರಲ್ಲ. ಅದರಾಗ ತಿಳ್ಯೂದಿಲ್ಲೇನ್ರಿ?’

‘ಹುಳಾ ಐತಿ ಅಂತ ತಿಳೀತೈತಿ. ಅದು ಏನು ಕಲ್ತೈತಿ ಅಂತ ತಿಳ್ಯೂದಿಲ್ರಿ.’

‘ಹಂಗಾದ್ರ ಇದು ನನಗ ಎಂದೂ ಗೊತ್ತಾಗೂದಿಲ್ಲ.’

‘ಇಲ್ರಿ.’

ಅವರು ತಲೆಯಾಡಿಸಿದರು, ಯಾವುದೋ ಮಿಕ್ಶ್ಚರಿನ ಪ್ರಮಾಣ ಕೇಳಿ ತಿಳಿದುಕೊಂಡವರ ಹಾಗೆ. ಕೀಲಿಕೈ ತಿರುಗಿ ಕೊಟ್ಟವನು ನಾನು. ಆ ಮಾತನ್ನು ಅವರು ಎತ್ತಲಿಲ್ಲ. ನಾನು ಎತ್ತಬೇಕಾಗಿತ್ತು, ಎತ್ತಲಿಲ್ಲ.

ಆಮೇಲೆ ಅವರು ಗುಳಿಗೆಯ ಡಬ್ಬಿ ಮುಟ್ಟಲಿಲ್ಲ. ಮಿಕ್ಶ್ಚರು ಕಲಸುವರು, ಪಟ್ಟಿ ಕಟ್ಟುವರು. ಬಿಳೀ ಗುಳಿಗೆ ಕೇಳಿದರೆ ನನ್ನ ಖೋಲಿಯತ್ತ ಗದ್ದ ತೋರುವರು. ಆ ವೈಶಾಖದಲ್ಲಿ ಹಿರಿಯ ಸಾವಕಾರರ ಮೊಮ್ಮಗಳ ಮದುವೆ. ಹುಗ್ಗಿಯ ಕೊಳಗ ತಂದು ಎದುರಿಗಿಟ್ಟರೆ ಗುರಪಾದಪ್ಪನವರು ಕೈ ಹಚ್ಚಲಿಲ್ಲ. ಪಂಕ್ತಿಯ ನಡುವೆ ಒಂದು ಎಲೆಯ ಮುಂದೆ ಕೂತುಬಿಟ್ಟರು. ‘ಯಾಕೋ, ಆರಾಮಿಲ್ಲೇನು?’ ಎಂದು ಸಾವಕಾರರು ಕೇಳಿದರೆ, ‘ಆರಾಮ ಅದೀನ್ರಿ. ಹಸಿವ್ಯಾಗೇತಿ’ ಎಂದರು. ಆ ದಿನ ಕಡೆಯ ಹದಿನೈದು ಮಂದಿಗೆ ಹುಗ್ಗಿ ಸಾಲಲಿಲ್ಲ. ಮುಂದೆ ಕೆಲವು ತಿಂಗಳಲ್ಲಿ ಕಣ್ಣಿನ ನೆವ ಹೇಳಿ ಕೆಲಸ ಬಿಟ್ಟು, ಬೈರಿದೇವರಕೊಪ್ಪದಲ್ಲಿದ್ದ ಮಗಳು ಗಂಗವ್ವನ ಮನೆ ಸೇರಿದರು.

ಯುದ್ಧ ಮುಗಿಯಿತು. ಪೆನ್ಸಿಲಿನ್ನು ಸಿಪಾಯಿಗಳಿಂದ ಇಳಿದು ಪೇಟೆಗೆ ಬಂತು. ಬಂತು ಎಂದರೆ ಕೆಲವು ಸಲ ಬರುತ್ತಿತ್ತು. ಅಂಥ ದಿನಗಳಲ್ಲಿ ಗಂಗವ್ವ ಹೇಳಿಕಳಿಸಿದಳು: ಅಪ್ಪನಿಗೆ ಬೆನ್ನಿನ ಮೇಲೆ ಹುಣ್ಣು. ಹೋಗಿ ನೋಡಿದೆ. ಬೆನ್ನುಫಣಿ, ಅಂಗೈ ಅಗಲ, ಜೊತೆಗೆ ಸಕ್ಕರೆ ರೋಗ. ನಂಜು ರಕ್ತಕ್ಕೆ ಇಳಿಯುತ್ತಿತ್ತು. ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ತಿರುಗಿ, ಸಿಕ್ಕ ಸೀಸೆಗಳನ್ನು ಒಟ್ಟು ಮಾಡಿ, ಮುಂಬಯಿಗೆ ತಂತಿ ಕೊಟ್ಟು, ಮರುದಿನ ಮತ್ತೆ ಹೋದೆ. ಗಂಗವ್ವ ಸೂಜಿ ಕುದಿಸಲು ನೀರಿಟ್ಟಿದ್ದಳು.

ಗುರಪಾದಪ್ಪನವರು ಬೋರಲು ಮಲಗಿದ್ದರು. ಸೀಸೆಗಳನ್ನು ಮೇಜಿನ ಮೇಲಿಟ್ಟ ಸಪ್ಪಳಕ್ಕೆ ಕಣ್ಣು ತೆರೆದರು. ಕಂಪೌಂಡರ ಕಿವಿ.

‘ಆ ಸೂಜೀನೇನ್ರಿ?’

‘ಹೌದ್ರಿ.’

‘ನನಗ ಎಷ್ಟು ಹಿಡೀತೈತಿ?’

ಸುಳ್ಳು ಹೇಳಬಹುದಾದ ಮನುಷ್ಯನಲ್ಲ. ಹೇಳಿದೆ.

‘ಎಷ್ಟು ಅದಾವ?’

‘ಅದರ ಅರ್ಧಾ. ಉಳದದ್ದು ಮುಂಬಯಿಯಿಂದ ಬರಾಕತ್ತೈತಿ.’

‘ಬರತೈತಿ ಅಂತ ಕಾಗದಾ ಬಂದೈತೇನು?’

‘ಇಲ್ರಿ.’

‘ಹಂಗಾದ್ರ ಬ್ಯಾಡ್ರಿ,’ ಎಂದರು, ಬಹಳ ಸಮಾಧಾನದಿಂದ. ‘ಅರ್ಧಾ ನನ್ನೊಳಗ ಹಾಕಿ ಕೆಡಸಬ್ಯಾಡ್ರಿ. ಯಾವದಾರ ಸಣ್ಣ ಕೂಸಿದ್ರ ಅದಕ್ಕ ಇಷ್ಟರಾಗ ಪೂರ್ತಿ ಆಗತೈತಿ. ನೀವ ಕಲಿಸಿದ್ದು.’

ನಾನು ಸೀಸೆಗಳನ್ನು ಚೀಲದೊಳಗೆ ಹಾಕಿದೆ. ಖರೇ ಹಾಕಿದೆ. ಅಷ್ಟು ಸ್ಪಷ್ಟವಾಗಿ ಸರಿಯಾದ ಮಾತನ್ನು ಯಾವ ಪ್ರೊಫೆಸರರೂ ನನಗೆ ಹೇಳಿರಲಿಲ್ಲ. ಚೀಲ ಎತ್ತಿಕೊಂಡು ತಿರುಗಿದರೆ ಗಂಗವ್ವ ಬಾಗಿಲಲ್ಲಿ ನಿಂತಿದ್ದಳು, ಕುದಿಸಿದ ಸೂಜಿಯ ಪಾತ್ರೆಯನ್ನು ಸೆರಗಿನಿಂದ ಹಿಡಿದುಕೊಂಡು.

‘ಹೊಂಟ್ರೇನ್ರಿ ಸಾಹೇಬ್ರ?’ ಎಂದಳು.

ಅಷ್ಟೇ ಅಂದದ್ದು. ನಾನು ಚೀಲ ಕೆಳಗಿಟ್ಟೆ.

ಸಂಜೆಗೆ ಅವರಿಗೆ ಎಚ್ಚರ ತಪ್ಪಿತು. ಬೇಡವೆನ್ನುವವರು ಯಾರೂ ಇರಲಿಲ್ಲ. ಮೂರು ತಾಸಿಗೊಮ್ಮೆ ಚುಚ್ಚುತ್ತ ಎರಡು ದಿನ ಅಲ್ಲಿಯೇ ಉಳಿದೆ. ಕಲಸಿದ ಔಷಧ ಕೆಡದಂತೆ ಒದ್ದೆ ಬಟ್ಟೆ ಸುತ್ತಿ ಗಡಿಗೆಯಲ್ಲಿಟ್ಟೆವು. ಎರಡನೆಯ ದಿನ ಜ್ವರ ಇಳಿಯಿತು. ಗುರಪಾದಪ್ಪನವರು ಎದ್ದು ಒರಗಿ ಕೂತು ಅರ್ಧ ಬಟ್ಟಲು ಗಂಜಿ ಕುಡಿದರು. ಗಂಗವ್ವ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಅವರು ತೋಳಿನ ಮೇಲಿನ ಚುಚ್ಚಿದ ಗುರುತುಗಳನ್ನು ಮುಟ್ಟಿ ನೋಡಿಕೊಂಡು, ನನ್ನತ್ತ ನೋಡಿದರು.

‘ಎಷ್ಟು ಉಳದಾವ?’

‘ಮುಗದಾವ್ರಿ.’

ಅವರಿಗೆ ಸಿಟ್ಟು ಬರಲಿಲ್ಲ. ಕಂಬಳಿ ಸರಿಪಡಿಸಿಕೊಂಡು, ‘ಬಾಗಲಾಗ ನನ್ನ ಮಗಳು ನಿಂತಿದ್ಲು ಅಂತ ಕಾಣತೈತಿ’ ಎಂದರು. ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ, ‘ಕೆಟ್ಟ ಕೆಲಸರೀ ಅದು, ಆ ಕಿಡಕ್ಯಾಗ ನಿಂದ್ರೂದು’ ಎಂದರು.

ಮರುದಿನ ಜ್ವರ ತಿರುಗಿ ಏರಿತು. ಪಾರ್ಸಲ್ಲು ಬಂತೇ ಎಂದು ವಿಚಾರಿಸಲು ನಾನು ಹುಬ್ಬಳ್ಳಿಗೆ ಬಂದೆ. ಅದರ ಮರುದಿನ ಮುಂಜಾನೆ ರೇಲ್ವೆ ಸ್ಟೇಶನ್ನಿಗೆ ಪಾರ್ಸಲ್ಲು ಬಂದ ಸುದ್ದಿಯೂ, ಬೈರಿದೇವರಕೊಪ್ಪದಿಂದ ಗಂಗವ್ವನ ಗಂಡನೂ ನನ್ನ ಮನೆಗೆ ಒಂದೇ ಹೊತ್ತಿಗೆ ಬಂದರು.

ಗುರಪಾದಪ್ಪನವರ ಮಣ್ಣಿಗೆ ಹೋಗಿ, ಬರುತ್ತ ಸ್ಟೇಶನ್ನಿನಿಂದ ಪಾರ್ಸಲ್ಲು ಬಿಡಿಸಿಕೊಂಡು ದವಾಖಾನೆಗೆ ಬಂದೆ. ನನ್ನ ಖೋಲಿಯಲ್ಲಿ ಬಿಚ್ಚಿ ನೋಡಿದರೆ ಒಬ್ಬ ಮನುಷ್ಯನಿಗೆ ಪೂರ್ತಿಯಾಗುವಷ್ಟು ಸೀಸೆಗಳಿದ್ದವು. ಪಡಸಾಲೆಯ ಬಾಕಿನ ಮೇಲೆ ಮೂರು ಮಂದಿ ಕೂತಿದ್ದರು: ಬಾಣಂತಿಯೊಬ್ಬಳ ಗಂಡ, ಎದೆ ಹಿಡಿದುಕೊಂಡಿದ್ದ ಗಿರಣಿಯ ಮುದುಕ, ಕಾಲು ಊದಿದ ಒಬ್ಬ ಹೆಂಗಸು. ಬೆಳಗಿನಿಂದ ಕಾಯುತ್ತಿದ್ದರಂತೆ. ಮೂವರೂ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದರು. ಅವರಲ್ಲಿ ಒಬ್ಬರನ್ನು ಮಾತ್ರ ಒಳಗೆ ಕರೆಯಬೇಕಾಗಿತ್ತು. ನಾನು ಬಾಗಿಲವರೆಗೆ ಹೋದೆ, ಮತ್ತೆ ಒಳಗೆ ಬಂದು ಕೂತೆ.